ಸ್ವೀಡನ್‌ನಲ್ಲಿ ನರ್ಸ್ ಆಗಬೇಕಾ? ಮೊದಲು ರೋಗಿಯ ಮಾತು ಕಿವಿಗೆ ಬೀಳಲಿ

ಪ್ರಶ್ನೆ: ಮೇಡಂ, ನಾನು ಹಾಸನದ ಕಡೆಯವಳು. ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಮೈಸೂರಿನ ಒಂದು ಆಸ್ಪತ್ರೆಯ ಮೆಡಿಕಲ್ ವಾರ್ಡಿನಲ್ಲಿ ಕೆಲಸ ಮಾಡಿದ್ದೇನೆ. ಯಜಮಾನರ ಕೆಲಸದ ಮೇಲೆ ಈಗ ಗೋಥೆನ್‌ಬರ್ಗ್‌ಗೆ ಬಂದಿದ್ದೇವೆ. ವಲಸೆ ಬಂದವರಿಗೆ ಇಲ್ಲಿ ಉಚಿತವಾಗಿ ಸ್ವೀಡಿಷ್ ಕಲಿಸುವ ಎಸ್‌ಎಫ್‌ಐ ತರಗತಿಯಲ್ಲಿ ‘ಸಿ’ ಹಂತ ಮುಗಿಯುತ್ತಾ ಬಂತು. ಓದೋದು, ಬರೆಯೋದು ಪರವಾಗಿಲ್ಲ. ಆದರೆ ಯಾರಾದರೂ ಮಾತಾಡಿದರೆ ಅರ್ಧಕ್ಕರ್ಧ ತಲೆಗೆ ಹೋಗಲ್ಲ. ಉತ್ತರ ಕೊಡೋಕೆ ಬಾಯಿ ಬರಲ್ಲ. ಇಲ್ಲಿ ನರ್ಸ್ ಆಗಬೇಕು ಅನ್ನೋದು ನನ್ನ ಆಸೆ. ಮೆಡಿಕಲ್ ಸ್ವೀಡಿಷ್ ಅಂತ ಒಂದು ಕೋರ್ಸ್ ಇದೆ, ಅದಕ್ಕೆ ದುಡ್ಡು ಕಟ್ಟಲಾ? ಪರಿಚಯದವರೊಬ್ಬರು ಮೊದಲು ವೃದ್ಧಾಶ್ರಮದಲ್ಲಿ ಸಹಾಯಕಿಯಾಗಿ ಸೇರು ಅಂತಿದ್ದಾರೆ. ನರ್ಸಿಂಗ್ ಓದಿ ಆ ಕೆಲಸ ಮಾಡಬೇಕಾ ಅಂತ ಮನಸ್ಸಿಗೆ ಬೇಜಾರು. ದಾರಿ ಹೇಳಿ.

ಉತ್ತರ: ಕೋರ್ಸಿಗೆ ಈಗಲೇ ದುಡ್ಡು ಕಟ್ಟಬೇಡಿ. ವೃದ್ಧಾಶ್ರಮದ ಕೆಲಸಕ್ಕೆ ಅರ್ಜಿ ಹಾಕಿ. ಎರಡಕ್ಕೂ ಕಾರಣ ಒಂದೇ. ಅದನ್ನು ಬಿಡಿಸಿ ಹೇಳುತ್ತೇನೆ.

ಮೆಡಿಕಲ್ ಪದಗಳು ನಿಮಗೆ ಆಗಲೇ ಬರುತ್ತವೆ. ‘ದಿಯಬೇತೆಸ್’, ‘ಇನ್‌ಫಾರ್ಕ್ತ್’, ‘ಕತೇತೆರ್’ ಅಂದರೆ ಏನು ಅಂತ ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ರೌಂಡ್ಸ್‌ನಲ್ಲಿ ಡಾಕ್ಟರ್ ಆಡುವ ಮಾತು ನಿಮಗೆ ಬೇಗ ಹಿಡಿತಕ್ಕೆ ಸಿಗುತ್ತದೆ. ಸಿಗದೇ ಇರುವುದು ರೋಗಿಯ ಮಾತು. ಹಾಸಿಗೆಯಲ್ಲಿ ಮಲಗಿರುವ ಅಜ್ಜಿಯ ಬಾಯಲ್ಲಿ ಬರುವುದು ಅವರ ಮನೆಮಾತು. ಹೊಟ್ಟೆ ಒಂಥರಾ ಆಗ್ತಿದೆ, ಕಾಲು ಮರಗಟ್ಟಿದೆ, ಒಂದಕ್ಕೆ ಹೋಗಬೇಕು, ಹಲ್ಲಿನ ಸೆಟ್ ಎಲ್ಲಿ ಇಟ್ಟೆನೋ. ಇಂಥ ಮಾತು ಪುಸ್ತಕದಲ್ಲಿ ಕಮ್ಮಿ, ವಾರ್ಡಿನಲ್ಲಿ ಜಾಸ್ತಿ. ನೀವು ಕಲಿಯಬೇಕಾಗಿರುವುದು ಇದನ್ನು.

ಲೈಸೆನ್ಸ್ ವಿಷಯ ಮೊದಲು ಚುಟುಕಾಗಿ ಮುಗಿಸಿಬಿಡೋಣ. ಯುರೋಪಿನ ಹೊರಗೆ ಓದಿದ ನರ್ಸ್‌ಗಳಿಗೆ ಲೈಸೆನ್ಸ್ ಕೊಡುವುದು ಸೊಸಿಯಾಲ್‌ಸ್ತೀರೆಲ್ಸೆನ್ ಎಂಬ ಸರ್ಕಾರಿ ಇಲಾಖೆ. ಅವರು ಮೊದಲು ನಿಮ್ಮ ಓದನ್ನು ಪರಿಶೀಲಿಸುತ್ತಾರೆ. ಆಮೇಲೆ ಥಿಯರಿ ಮತ್ತು ಪ್ರಾಕ್ಟಿಕಲ್ ಎರಡೂ ಇರುವ ಪರೀಕ್ಷೆ. ಅದನ್ನು ನಡೆಸುವುದು ನಿಮ್ಮೂರಿನ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯವೇ. ಇಲ್ಲಿನ ಕಾನೂನಿನ ಬಗ್ಗೆ ಒಂದು ಕೋರ್ಸ್, ಸ್ವಲ್ಪ ಕಾಲ ಮೇಲ್ವಿಚಾರಣೆಯಲ್ಲಿ ಕೆಲಸ, ಜೊತೆಗೆ ಭಾಷೆಯಲ್ಲಿ ಸಿ1 ಮಟ್ಟದ ಪುರಾವೆ. ಯುರೋಪಿನ ಭಾಷಾ ಅಳತೆ ಎ1ರಿಂದ ಸಿ2ರವರೆಗೆ ಇದೆ, ಅದರಲ್ಲಿ ಸಿ1 ಮೇಲಿನಿಂದ ಎರಡನೆಯ ಮೆಟ್ಟಿಲು. ನಿಮ್ಮ ಎಸ್‌ಎಫ್‌ಐ ‘ಸಿ’ ಹಂತ ಬೇರೆ, ಈ ಸಿ1 ಬೇರೆ. ಎಸ್‌ಎಫ್‌ಐನ ಕೊನೆಯ ‘ಡಿ’ ಹಂತ ಮುಗಿಸಿದರೂ ಬಿ1ರ ಆಸುಪಾಸಿನಲ್ಲಿ ಇರುತ್ತೀರಿ. ಅಲ್ಲಿಂದ ಸಿ1ಕ್ಕೆ ದೂರ ಇದೆ. ಎರಡು ವರ್ಷ ಹಿಡಿದರೂ ತಡವಾಯಿತು ಅಂದುಕೊಳ್ಳಬೇಡಿ. ಓದಿನ ಪರಿಶೀಲನೆಗೆ ಮಾತ್ರ ಕಾಗದಪತ್ರ ಇವತ್ತಿಂದಲೇ ಜೋಡಿಸಿಕೊಳ್ಳಿ. ಊರಿನ ಕಾಲೇಜಿನಿಂದ ಸಿಲಬಸ್, ನರ್ಸಿಂಗ್ ಕೌನ್ಸಿಲ್ಲಿನಿಂದ ಪತ್ರ ತರಿಸುವುದಕ್ಕೆ ಎಷ್ಟು ಓಡಾಟ ಅಂತ ನಿಮಗೇ ಗೊತ್ತು.

ಈಗ ಕಿವಿಯ ವಿಷಯ. ನಿಮಗೆ ಮಾತು ಅರ್ಥವಾಗದಿರಲು ದೊಡ್ಡ ಕಾರಣ ಪದ ಗೊತ್ತಿಲ್ಲದಿರುವುದಲ್ಲ. ಗೊತ್ತಿರುವ ಪದವೇ ಬಾಯಲ್ಲಿ ಬೇರೆ ರೂಪದಲ್ಲಿ ಬರುತ್ತದೆ. ಕನ್ನಡದಲ್ಲಿ ‘ಹೋಗುತ್ತೇನೆ’ ಅಂತ ಬರೆದು ‘ಹೋಗ್ತೀನಿ’ ಅನ್ನುವುದಿಲ್ವಾ, ಅದೇ ಇಲ್ಲೂ ನಡೆಯುತ್ತದೆ. ಪುಸ್ತಕದಲ್ಲಿ ‘ಯಾಗ್’ ಅಂತ ಓದಿದ್ದೀರಿ, ‘ನಾನು’ ಅಂತ ಅರ್ಥ. ಮಾತಿನಲ್ಲಿ ಅದು ಬರೀ ‘ಯಾ’. ‘ಎರ್’ ಅನ್ನುವುದು ‘ಎ’, ‘ದೆತ್’ ಅನ್ನುವುದು ‘ದೆ’. ‘ನೋಗೊತ್’ ಎಂದು ಬರೆದದ್ದು ‘ನೋತ್’ ಆಗುತ್ತದೆ. ‘ಹಾರ್ ದೂ’ ಅಂದರೆ ‘ನಿನಗೆ ಇದೆಯಾ’. ಅದು ಬೇಗ ಹೇಳುವಾಗ ರ ಮತ್ತು ದ ಸೇರಿ ಡ ಆಗುತ್ತದೆ. ಕೇಳಿಸುವುದು ನೇರವಾಗಿ ‘ಹಾಡು’. ‘ಹಾಡು ಉಂತ್?’ ಅಂತ ಯಾರಾದರೂ ಕೇಳಿದರೆ ‘ನೋವಿದೆಯಾ?’ ಅಂತ ಅರ್ಥ. ಇದನ್ನು ಒಮ್ಮೆ ಗುರುತು ಹಿಡಿದರೆ ಆಮೇಲೆ ದಿನಕ್ಕೆ ಎಷ್ಟು ಸಲ ಕಿವಿಗೆ ಬೀಳುತ್ತದೆ ನೋಡಿ.

ಉಚ್ಚಾರದಲ್ಲಿ ಕನ್ನಡದವರಿಗೆ ಒಳ್ಳೆಯ ಅನುಕೂಲ ಇದೆ. ಇಂಗ್ಲಿಷ್ ಮೂಲಕ ಸ್ವೀಡಿಷ್ ಕಲಿಯಲು ಹೋಗಿ ನಾವು ಅದನ್ನು ಕಳೆದುಕೊಳ್ಳುತ್ತೇವೆ. ಅದಕ್ಕೇ ಹೇಳುವುದು, ನೋಟ್‌ಬುಕ್ಕಿನಲ್ಲಿ ಉಚ್ಚಾರವನ್ನು ಕನ್ನಡ ಅಕ್ಷರದಲ್ಲೇ ಬರೆದುಕೊಳ್ಳಿ.

ಹಾಲು–ಹಲ್ಲು, ಕಾಲು–ಕಲ್ಲು ಇವನ್ನೇ ತಗೊಳ್ಳಿ. ಸ್ವರ ಎಳೆದರೆ ಮುಂದಿನ ವ್ಯಂಜನ ಒಂಟಿ. ಸ್ವರ ಗಿಡ್ಡವಾದರೆ ವ್ಯಂಜನ ಒತ್ತು. ಸ್ವೀಡಿಷ್ ಪೂರ್ತಿ ನಿಂತಿರುವುದು ಇದರ ಮೇಲೆ. ‘ಮಾತ್’ ಅಂದರೆ ಊಟ, ‘ಮತ್ತ್’ ಅಂದರೆ ಸುಸ್ತು. ‘ವೀಲ’ ಅಂದರೆ ವಿಶ್ರಾಂತಿ, ‘ವಿಲ್ಲ’ ಅಂದರೆ ಮನೆ. ‘ಗ್ಲಾಸ್’ ಅಂದರೆ ನೀರು ಕುಡಿಯುವ ಲೋಟ, ‘ಗ್ಲಸ್ಸ್’ ಅಂದರೆ ಐಸ್‌ಕ್ರೀಮ್. ಬೇರೆ ದೇಶದವರು ಇದನ್ನು ಹಿಡಿಯಲು ಒದ್ದಾಡುತ್ತಾರೆ. ನಿಮಗೆ ಇದು ಹುಟ್ಟಿನಿಂದ ಬಂದದ್ದು. ಬಳಸಿಕೊಳ್ಳಿ.

ಎರಡನೆಯದು ತ ಮತ್ತು ಟ. ಇಂಗ್ಲಿಷ್ ಅಭ್ಯಾಸದಿಂದ ನಾವು ‘ಟಿ’ ಅಕ್ಷರ ಕಂಡಲ್ಲೆಲ್ಲ ಟ ಅನ್ನುತ್ತೇವೆ. ಸ್ವೀಡಿಷಿನಲ್ಲಿ ಅದು ಹಲ್ಲಿಗೆ ತಾಗುವ ತ. ಹಲ್ಲು ಅನ್ನುವ ಪದವೇ ‘ತಂದ್’, ಟ್ಯಾಂಡ್ ಅಲ್ಲ. ಟ, ಡ, ಣ, ಳ, ಷ ಬೇಡವೇ ಬೇಡ ಅಂತಲೂ ಅಲ್ಲ. ‘ಆರ್’ ಅಕ್ಷರ ಆದ ಕೂಡಲೇ ತ, ದ, ನ, ಲ, ಸ ಬಂದರೆ ಎರಡೂ ಸೇರಿ ನಮ್ಮ ಟ, ಡ, ಣ, ಳ, ಷ ಆಗುತ್ತವೆ. ಹೃದಯ ‘ಯೆಟ್ಟ’, ನೋವು ‘ಸ್ಮೆಟ್ಟ’, ಮಗು ‘ಬಾಣ್’, ಆರೈಕೆ ‘ವೋಡ್’. ಗೋಥೆನ್‌ಬರ್ಗ್, ಸ್ಟಾಕ್‌ಹೋಮ್ ಕಡೆ ಹೀಗೆ. ದಕ್ಷಿಣದ ಸ್ಕೋನೆ ಪ್ರಾಂತ್ಯದವರು ‘ರ’ವನ್ನು ಗಂಟಲಲ್ಲಿ ಹೇಳುವುದರಿಂದ ಅಲ್ಲಿ ಹೀಗಾಗುವುದಿಲ್ಲ.

ಶ ಮತ್ತು ಷ ವ್ಯತ್ಯಾಸ ಶಾಲೆಯಲ್ಲಿ ಮೇಷ್ಟ್ರು ಹೇಳಿಕೊಟ್ಟಿರುತ್ತಾರೆ, ಮಾತಿನಲ್ಲಿ ನಾವು ಬಿಟ್ಟಿರುತ್ತೇವೆ. ಇಲ್ಲಿ ಅದು ಬೇಕು. ಇಪ್ಪತ್ತು ಅನ್ನುವುದಕ್ಕೆ ‘ಶೂಗು’, ನಾಲಿಗೆ ಮುಂದಿಟ್ಟು ಹೇಳುವ ತೆಳು ಶ. ಏಳು ಅನ್ನುವುದಕ್ಕೆ ‘ಷೂ’. ಈ ಎರಡನೆಯ ಸದ್ದನ್ನು ಬಹಳ ಜನ ಗಂಟಲ ಹತ್ತಿರದಿಂದ, ಹ ಮತ್ತು ಫ ಬೆರೆತ ಹಾಗೆ ಊದಿ ಹೇಳುತ್ತಾರೆ. ಅದು ಬರಲಿಲ್ಲ ಅಂತ ತಲೆ ಕೆಡಿಸಿಕೊಳ್ಳಬೇಡಿ. ದೇಶದ ಉತ್ತರ ಭಾಗದಲ್ಲಿ ಷಕ್ಕೆ ಹತ್ತಿರದ ಸದ್ದನ್ನೇ ಬಳಸುತ್ತಾರೆ. ನಿಮ್ಮ ಷ ಎಲ್ಲರಿಗೂ ಅರ್ಥವಾಗುತ್ತದೆ. ನರ್ಸ್ ಅನ್ನುವ ಪದವೇ ‘ಷೂಕ್‌ಷೋತೆಷ್ಕ’, ಮೂರು ಷ ಇದೆ. ಇಲ್ಲಿನ ಮಕ್ಕಳು ನಾಲಿಗೆ ತಿರುಗಿಸಲು ಹೇಳುವ ಒಂದು ಸಾಲಿನಲ್ಲಿ ಸಮುದ್ರದ ಓಕರಿಕೆ ಬಂದ ಏಳು ನಾವಿಕರನ್ನು ಏಳು ಚೆಂದದ ನರ್ಸ್‌ಗಳು ನೋಡಿಕೊಳ್ಳುತ್ತಾರೆ. ಹೆಚ್ಚುಕಮ್ಮಿ ಪ್ರತಿ ಪದವೂ ಇದೇ ಸದ್ದಿನಿಂದ ಶುರುವಾಗುತ್ತದೆ. ನಿಮ್ಮ ಟೀಚರನ್ನು ಕೇಳಿ, ಖುಷಿಯಿಂದ ಹೇಳಿಕೊಡುತ್ತಾರೆ.

ನಿಜವಾಗಿ ಕಷ್ಟ ಪಡಬೇಕಾಗಿರುವುದು ಸ್ವರಗಳಿಗೆ. ತುಟಿಯನ್ನು ಊದುವ ಹಾಗೆ ಮುಂದೆ ಚಾಚಿ ‘ಈ’ ಅನ್ನಿ, ಅದು ಒಂದು. ಹಾಗೇ ತುಟಿ ಚಾಚಿ ‘ಎ’ ಅನ್ನಿ, ಅದು ಇನ್ನೊಂದು. ಕನ್ನಡದಲ್ಲಿ ಇವು ಇಲ್ಲ. ಕನ್ನಡಿ ಮುಂದೆ ನಿಂತು ತುಟಿ ನೋಡಿಕೊಂಡು ಅಭ್ಯಾಸ ಮಾಡಿ. ತಲೆ ಸುತ್ತು ಅನ್ನುವ ‘ಈರ್’ ಮೊದಲ ಗುಂಪಿಗೆ ಸೇರಿದ್ದು. ಎದೆ ಅನ್ನುವ ‘ಬ್ರೊಸ್ತ್’ನಲ್ಲಿ ಬರುವುದು ಎರಡನೆಯದು. ವಾರ್ಡಿನಲ್ಲಿ ಎರಡೂ ದಿನಾ ಬೇಕು.

ಇನ್ನು ಪದಗಳು. ಮೈಸೂರಿನ ವಾರ್ಡಿನಲ್ಲಿ ನೀವು ‘ಅಜ್ಜಿ, ಮೋಷನ್ ಆಯ್ತಾ? ಯೂರಿನ್ ಪಾಸ್ ಮಾಡಿದ್ರಾ?’ ಅಂತ ಕೇಳಿರುತ್ತೀರಿ. ಇಂಗ್ಲಿಷ್ ಪದ ಹಾಕಿ ನಾಚಿಕೆ ಮುಚ್ಚುವುದು ನಮ್ಮ ರೂಢಿ. ಸ್ವೀಡನ್‌ನಲ್ಲಿ ಅಂಥ ಮರೆ ಬೇಡ. ಮೂತ್ರಕ್ಕೆ ‘ಕಿಸ್ಸ’, ಕಕ್ಕಸಿಗೆ ‘ಬಯ್ಸ’ ಅಂತ ಡಾಕ್ಟರೂ ಅನ್ನುತ್ತಾರೆ, ತೊಂಬತ್ತರ ಅಜ್ಜನೂ ಅನ್ನುತ್ತಾನೆ. ಸ್ವಲ್ಪ ನಯವಾಗಿ ಕೇಳಬೇಕು ಅನ್ನಿಸಿದರೆ ‘ಹಾಡು ಷೊತ್ ಮಾಗೆನ್?’ ಅನ್ನಿ. ‘ಮಾಗೆನ್’ ಅಂದರೆ ಹೊಟ್ಟೆ. ಹೊಟ್ಟೆ ನೋಡಿಕೊಂಡೆಯಾ ಅಂತ ಕೇಳಿದ ಹಾಗೆ, ಕಕ್ಕಸು ಆಯ್ತಾ ಅಂತ ಅರ್ಥ. ಚಾದರ ಬದಲಿಸುವಾಗ ಸೊಂಟ ಎತ್ತಿ ಅನ್ನುವುದಕ್ಕೆ ‘ಕನ್ ದೂ ಲಿಫ್ತ ಪೋ ರುಂಪನ್?’ ಅನ್ನುತ್ತಾರೆ. ‘ರುಂಪ’ ಅಂದರೆ ಕುಂಡಿ. ಹೇಳಲು ಮುಜುಗರ ಆಗುತ್ತದೆ, ನಿಜ. ಒಂದು ವಾರದಲ್ಲಿ ಹೋಗುತ್ತದೆ.

ಒಂದು ಕಡೆ ಮಾತ್ರ ಹುಷಾರು. ದೊಡ್ಡವರಿಗೆ ಹಾಕುವ ಪ್ಯಾಡಿಗೆ ಮಕ್ಕಳ ಡೈಪರಿನ ಪದ ‘ಬ್ಲೊಯ್ಯ’ ಬಳಸಬೇಡಿ. ‘ಷಿದ್ದ್’ ಅನ್ನಿ, ರಕ್ಷಣೆ ಅಂತ ಅರ್ಥ. ಕೆಲವು ಹಳೆಯ ಸಿಬ್ಬಂದಿ ಅಜ್ಜಿಯರನ್ನು ‘ಗುಮ್ಮನ್’ ಅಂತ ಪ್ರೀತಿಯಿಂದ ಕರೆಯುವುದು ಕೇಳಬಹುದು. ನೀವು ಕರೆಯಬೇಡಿ. ಬಹಳ ಜನಕ್ಕೆ ಅದು ತಮ್ಮನ್ನು ಮಗುವಿನಂತೆ ಕಂಡ ಹಾಗೆ ಅನ್ನಿಸುತ್ತದೆ. ಹೆಸರು ಹಿಡಿದು ಕರೆಯುವುದೇ ಇಲ್ಲಿ ಮರ್ಯಾದೆ.

ಹೌದು, ಹೆಸರು ಹಿಡಿದು, ಅದೂ ಏಕವಚನದಲ್ಲಿ. ನಮ್ಮವರಿಗೆ ಇದು ಬಾಯಿಗೆ ಬರುವುದೇ ಇಲ್ಲ. ಹಿರಿಯ ಡಾಕ್ಟರನ್ನು, ಅಜ್ಜನ ವಯಸ್ಸಿನವರನ್ನು ‘ದೂ’ ಅನ್ನಬೇಕು, ಅಂದರೆ ನೀನು. ಇದು ಮೊದಲಿನಿಂದ ಹೀಗಿರಲಿಲ್ಲ. 1967ರಲ್ಲಿ ಬ್ರೂರ್ ರೆಕ್ಸೆದ್ ಎಂಬ ವೈದ್ಯರು ಅಂದಿನ ಆರೋಗ್ಯ ಇಲಾಖೆಯ ಮುಖ್ಯಸ್ಥರಾಗಿ ಬಂದಾಗ, ಸಿಬ್ಬಂದಿಯನ್ನೆಲ್ಲ ‘ದೂ’ ಎನ್ನುತ್ತೇನೆ, ನನ್ನನ್ನೂ ಹೆಸರು ಹಿಡಿದು ಕರೆಯಿರಿ ಎಂದು ಹೇಳಿದರು. ಆ ಕಾಲದಲ್ಲಿ ದೇಶದಲ್ಲೆಲ್ಲ ಬೀಸುತ್ತಿದ್ದ ಬದಲಾವಣೆಗೆ ಅವರ ಹೆಸರೇ ಅಂಟಿಕೊಂಡಿತು. ಅನಾಟಮಿಯಲ್ಲಿ ಬೆನ್ನುಹುರಿಯ ರೆಕ್ಸೆಡ್ ಪದರಗಳು ಅಂತ ಓದಿದ ನೆನಪಿದೆಯಾ? ಅದೇ ರೆಕ್ಸೆದ್. ಹೀಗಾಗಿ ‘ದೂ’ ಅಂದರೆ ಅಗೌರವ ಆಯಿತೇನೋ ಅಂತ ಹಿಂಜರಿಯಬೇಡಿ. ಗೌರವ ತೋರಿಸುವ ಜಾಗ ಬೇರೆ ಇದೆ, ಅನುಮತಿ ಕೇಳುವುದರಲ್ಲಿ. ನಮ್ಮಲ್ಲಿ ‘ಬಿಪಿ ನೋಡ್ತೀನಿ, ಕೈ ಕೊಡಿ’ ಅಂದು ಪಟ್ಟಿ ಸುತ್ತಿಬಿಡುತ್ತೇವೆ. ಇಲ್ಲಿ ‘ಫೋರ್ ಯಾ ತಾ ಬ್ಲೂದ್‌ತ್ರಿಕ್ಕೆತ್?’ ಅಂತ ಕೇಳಿ, ‘ಬಿಪಿ ನೋಡಲಾ?’ ಅಂತ. ಅವರು ಹೂಂ ಅಂದ ಮೇಲೆ ಕೈ ಹಾಕಿ. ಸೂಜಿ ಚುಚ್ಚುವ ಮೊದಲು ‘ನೂ ಸ್ತಿಕ್ಕೆರ್ ದೆ ತಿಲ್ ಲೀತೆ’, ಈಗ ಸ್ವಲ್ಪ ಚುಚ್ಚುತ್ತೆ. ಮಾಡುವ ಪ್ರತಿ ಕೆಲಸವನ್ನೂ ಮಾಡುತ್ತಾ ಹೇಳುತ್ತಾ ಹೋಗುವುದು ಇಲ್ಲಿನ ಒಳ್ಳೆಯ ನರ್ಸ್‌ಗಳ ಅಭ್ಯಾಸ. ಭಾಷೆ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಇಲ್ಲ.

ತಲೆ ಆಡಿಸುವ ವಿಷಯವನ್ನೂ ಹೇಳಿಬಿಡುತ್ತೇನೆ. ನಾವು ಹೌದು ಅನ್ನಲು ತಲೆಯನ್ನು ಅತ್ತ ಇತ್ತ ವಾಲಿಸುತ್ತೇವೆ. ಇಲ್ಲಿನವರಿಗೆ ಅದು ಹೌದೋ ಅಲ್ಲವೋ ತಿಳಿಯುವುದಿಲ್ಲ. ಬಾಯಿ ಬಿಟ್ಟು ‘ಯಾ’ ಅನ್ನಿ. ಅವರ ಕಡೆಯಿಂದಲೂ ಒಂದು ವಿಚಿತ್ರ ಇದೆ. ಉತ್ತರ ಸ್ವೀಡನ್ ಕಡೆಯವರು ಹೌದು ಅನ್ನಲು ತುಟಿ ಸಣ್ಣಗೆ ಮಾಡಿ ಸರಕ್ಕನೆ ಉಸಿರು ಒಳಗೆಳೆದುಕೊಳ್ಳುತ್ತಾರೆ, ಅಷ್ಟೇ. ಪದವೇ ಇರುವುದಿಲ್ಲ. ಮೊದಲ ಸಲ ಕೇಳಿದ ನರ್ಸ್ ಉಸಿರಾಟದ ತೊಂದರೆ ಅಂದುಕೊಂಡು ಆಕ್ಸಿಜನ್ ಮಟ್ಟ ನೋಡಲು ಓಡಿದರೆ ತಪ್ಪೇನಿಲ್ಲ.

ಈಗ ನಾನು ಅತಿ ಮುಖ್ಯ ಅಂದುಕೊಂಡಿರುವ ವಿಷಯಕ್ಕೆ ಬರುತ್ತೇನೆ. ಸ್ವೀಡನ್ನಿನ ಹಿರಿಯರು ನೋವನ್ನು ಕಮ್ಮಿ ಮಾಡಿ ಹೇಳುತ್ತಾರೆ. ಎಂಬತ್ತು ದಾಟಿದ ಒಬ್ಬರು ಬೆಳಿಗ್ಗೆ ಹಾಸಿಗೆಯ ಅಂಚಿನಲ್ಲಿ ಕೂತಿದ್ದಾರೆ ಅಂದುಕೊಳ್ಳಿ. ತಿಂಡಿ ಮುಟ್ಟಿಲ್ಲ. ಹೇಗಿದ್ದೀರಿ ಅಂದರೆ, ‘ದೆ ಎ ವೆಲ್ ಇಂತೆ ಸೊ ಫಾಳಿತ್, ಮೆನ್ ದೆ ಶೆನ್ಸ್ ಲೀತೆ ಕೊನ್‌ಸ್ತಿತ್ ಇ ಬ್ರೊಸ್ತೆತ್’ ಅನ್ನುತ್ತಾರೆ. ಅಂಥಾದ್ದೇನಿಲ್ಲ, ಎದೆಯಲ್ಲಿ ಸ್ವಲ್ಪ ಒಂಥರಾ ಆಗ್ತಿದೆ. ಪದಪದಕ್ಕೆ ಅರ್ಥ ಹುಡುಕುವವರು ‘ಅಂಥಾದ್ದೇನಿಲ್ಲ’ ಅನ್ನುವುದನ್ನು ಹಿಡಿದು ಮುಂದಿನ ರೂಮಿಗೆ ಹೋಗುತ್ತಾರೆ. ಕಿವಿ ಪಳಗಿದವರು ‘ಕೊನ್‌ಸ್ತಿತ್’ ಮತ್ತು ‘ಬ್ರೊಸ್ತೆತ್’ ಎರಡನ್ನು ಹಿಡಿದು ಅಲ್ಲೇ ನಿಲ್ಲುತ್ತಾರೆ. ಎದೆಯಲ್ಲಿ ಒಂಥರಾ ಅಂದ ಮೇಲೆ ಇಸಿಜಿ ಬೇಕು ಅಂತ ನಿಮ್ಮ ನರ್ಸಿಂಗ್ ತಲೆಗೆ ಗೊತ್ತು. ಅಲ್ಲಿಗೆ ಹೋಗಲು ನಾಲ್ಕು ಪ್ರಶ್ನೆ ಬಾಯಲ್ಲಿ ಸಿದ್ಧ ಇರಬೇಕು. ಒಂಥರಾ ಅಂದರೆ ಹೇಗೆ? ಕೈಯಿಂದ ತೋರಿಸುತ್ತೀಯಾ? ಯಾವಾಗ ಶುರುವಾಯಿತು? ಬೇರೆ ಕಡೆಗೆ ಹರಿಯುತ್ತಾ? ಇವನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಸ್ವೀಡಿಷಿನಲ್ಲಿ ಬರುವಷ್ಟು ಅಭ್ಯಾಸ ಮಾಡಿ. ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಎಷ್ಟು ಅಂತ ಕೇಳುವ ಪದ್ಧತಿ ಇಲ್ಲೂ ಇದೆ. ಇಂಥ ಜನ ‘ಮೂರು’ ಅಂದರೂ ಮುಖ ನೋಡಿ.

ಆ ವಾಕ್ಯದ ‘ವೆಲ್’ ಗಮನಿಸಿದಿರಾ? ‘ಯೂ’, ‘ವೆಲ್’, ‘ನೂಗ್’ ಅಂತ ಇಂಥ ಪುಟ್ಟ ಪದಗಳು ಮಾತಿನ ತುಂಬ ಬರುತ್ತವೆ. ನಮ್ಮ ‘ಅಲ್ವಾ’, ‘ಏನೋ’, ‘ಅನ್ಸುತ್ತೆ’ ಇದ್ದ ಹಾಗೆ. ಗೋಥೆನ್‌ಬರ್ಗ್‌ನಲ್ಲಿ ‘ವೆಲ್’ ಬದಲು ‘ಲಾ’ ಅನ್ನುತ್ತಾರೆ. ಜೊತೆಗೆ ನಿಮ್ಮೂರಿನವರು ಮಾತಿನ ಕೊನೆಯನ್ನು ಮೇಲಕ್ಕೆ ಎಳೆಯುತ್ತಾರೆ, ಹೇಳಿಕೆಯೂ ಪ್ರಶ್ನೆಯ ಹಾಗೆ ಕೇಳಿಸುತ್ತದೆ. ಎಸ್‌ಎಫ್‌ಐ ಆಡಿಯೋದಲ್ಲಿ ಇದು ಸಿಗದು.

ಇನ್ನೊಂದು ಅಪಾಯದ ಜಾಗ ಕ್ರಿಯಾಪದಕ್ಕೆ ಅಂಟಿಕೊಳ್ಳುವ ‘ಇನ್’ ಮತ್ತು ‘ಊತ್’, ಅಂದರೆ ಒಳಗೆ ಮತ್ತು ಹೊರಗೆ. ‘ಸೆತ್ತ ಇನ್’ ಅಂದರೆ ಔಷಧಿ ಶುರು ಮಾಡು, ‘ಸೆತ್ತ ಊತ್’ ಅಂದರೆ ನಿಲ್ಲಿಸು. ಒತ್ತು ಬೀಳುವುದು ಕೊನೆಯ ಪದದ ಮೇಲೆ. ಅದು ಕೇಳಿಸದಿದ್ದರೆ ಅರ್ಥ ತಲೆಕೆಳಗು. ‘ಸ್ಕ್ರೀವ ಊತ್’ಗೆ ಮೂರು ಅರ್ಥ. ರೋಗಿಯನ್ನು ಡಿಸ್ಚಾರ್ಜ್ ಮಾಡು, ಔಷಧಿ ಬರೆದುಕೊಡು, ಕಾಗದ ಪ್ರಿಂಟ್ ಮಾಡು. ರೋಗಿಯನ್ನೋ ಮಾತ್ರೆಯನ್ನೋ ಅಂತ ನೋಡಿ ಅರ್ಥ ಮಾಡಿಕೊಳ್ಳಬೇಕು. ಎಲ್ಲಕ್ಕಿಂತ ಸೂಕ್ಷ್ಮವಾದದ್ದು ‘ಸೊಮ್ನ’. ‘ಹನ್ ಹಾರ್ ಸೊಮ್ನತ್’ ಅಂದರೆ ಅವರಿಗೆ ನಿದ್ದೆ ಹತ್ತಿತು. ‘ಹನ್ ಹಾರ್ ಸೊಮ್ನತ್ ಇನ್’ ಅಂದರೆ ಅವರು ತೀರಿಕೊಂಡರು. ಮನೆಯವರಿಗೆ ಫೋನಿನಲ್ಲಿ ಮಾತಾಡುವಾಗ ಈ ಒಂದು ಪುಟ್ಟ ಪದ ಹೆಚ್ಚಾದರೆ, ಕಮ್ಮಿಯಾದರೆ ಏನಾಗುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ.

ವ್ಯಾಕರಣದಲ್ಲಿ ನಾಮಪದಕ್ಕೆ ‘ಎನ್’ ಹಾಕಬೇಕಾ ‘ಎತ್’ ಹಾಕಬೇಕಾ ಅಂತ ನಿಂತು ಯೋಚಿಸುತ್ತಾ ಮಾತು ನಿಲ್ಲಿಸಬೇಡಿ. ಅದು ತಪ್ಪಿದರೆ ಯಾರಿಗೂ ಏನೂ ಆಗಲ್ಲ. ಅಂಕಿ ತಪ್ಪಿದರೆ ಆಗುತ್ತದೆ. ‘ಫೆಮ್ತೊನ್’ ಹದಿನೈದು, ‘ಫೆಮ್ತಿ’ ಐವತ್ತು. ‘ಷುತ್ತೊನ್’ ಹದಿನೇಳು, ‘ಷುತ್ತಿ’ ಎಪ್ಪತ್ತು. ಕಾಗದದ ಮೇಲೆ ಐವತ್ತು, ಎಪ್ಪತ್ತರ ಕೊನೆಯಲ್ಲಿ ‘ಇಯೊ’ ಅಂತ ಇರುತ್ತದೆ, ಬಾಯಲ್ಲಿ ಉಳಿಯುವುದು ‘ಇ’ ಮಾತ್ರ. ಡೋಸ್ ಕೇಳಿದಾಗ ಬಿಡಿ ಅಂಕಿಯಾಗಿ ತಿರುಗಿ ಹೇಳಿ. ‘ಎತ್, ಫೆಮ್. ಫೆಮ್ತೊನ್.’ ಒಂದು, ಐದು, ಹದಿನೈದು. ಟೈಮ್ ಹೇಳ ಬೇಕಾದರೂ ಇದೇ ಎಚ್ಚರ ಇರಲಿ. ‘ಹಲ್ವ್ ತ್ರೇ’ ಅಂದರೆ ಮೂರೂವರೆ ಅಲ್ಲ, ಎರಡೂವರೆ. ಮೂರಕ್ಕೆ ಹೋಗುವ ದಾರಿಯಲ್ಲಿ ಅರ್ಧ ಅಂತ ಅವರ ಲೆಕ್ಕ. ಇನ್ಸುಲಿನ್ ಹೊತ್ತು ಒಂದು ಗಂಟೆ ಆಚೀಚೆ ಆಗಲು ಇಷ್ಟು ಸಾಕು.

ಲ್ಯಾಬ್ ಅಂಕಿಗಳೂ ಕಿವಿಗೆ ಹೊಸದು. ಹಿಮೋಗ್ಲೋಬಿನ್ ನಮ್ಮಲ್ಲಿ 12 ಅಂದರೆ ಇಲ್ಲಿ 120, ಲೀಟರ್ ಲೆಕ್ಕ. ಸಕ್ಕರೆ ಅಂಶ ಮಿಲಿಮೋಲ್‌ನಲ್ಲಿ. ಊರಿನ 180 ಇಲ್ಲಿ 10. ಹದಿನೆಂಟರಿಂದ ಭಾಗಿಸಬೇಕು. ಕೆಲವು ಮಾತ್ರೆಗಳ ಅಂಗಡಿ ಹೆಸರೂ ಗೊತ್ತಿರಲಿ. ನಮ್ಮವರು ಡೋಲೋ ಅನ್ನುವ ಹಾಗೆ ಇಲ್ಲಿನವರು ಪ್ಯಾರಾಸಿಟಮಾಲ್‌ಗೆ ಅಲ್ವೆದೊನ್ ಅನ್ನುತ್ತಾರೆ. ಐಬುಪ್ರೊಫೆನ್ ಅಂದರೆ ಇಪ್ರೇನ್. ಹೃದಯಕ್ಕೆ ಕೊಡುವ ಸಣ್ಣ ಡೋಸ್ ಆಸ್ಪಿರಿನ್ ಅಂದರೆ ತ್ರೊಂಬೀಲ್. ವಾರ್ಫರಿನ್ ಅಂದರೆ ವಾರಾನ್.

ಅರ್ಥವಾಗದಾಗ ಏನು ಮಾಡಬೇಕು? ಸುಮ್ನೆ ‘ಯಾ, ಯಾ’ ಅಂತ ತಲೆ ಆಡಿಸುವುದೊಂದನ್ನು ಮಾಡಬೇಡಿ. ನಮ್ಮಲ್ಲಿ ದೊಡ್ಡವರನ್ನು ಮತ್ತೆ ಮತ್ತೆ ಕೇಳಿದರೆ ಬೇಸರ ಮಾಡಿಕೊಂಡಾರು ಅಂತ ಅಳುಕು ಇರುತ್ತದೆ. ಇಲ್ಲಿ ಕೇಳದಿದ್ದರೇ ಬೇಸರ. ಕೇಳುವುದಕ್ಕೂ ಒಂದು ಕ್ರಮ ಇದೆ. ಬರೀ ‘ಏನು?’ ಅಂದರೆ ಅವರು ಅದೇ ವೇಗದಲ್ಲಿ ಅದನ್ನೇ ಹೇಳುತ್ತಾರೆ, ಇಲ್ಲವೇ ಇಂಗ್ಲಿಷಿಗೆ ಹಾರುತ್ತಾರೆ. ಅದರ ಬದಲು ನಿಮಗೆ ತಿಳಿದಷ್ಟನ್ನು ಹೇಳಿ ಉಳಿದದ್ದನ್ನು ಕೇಳಿ. ‘ಮೇನರ್ ದೂ ಅತ್…’, ಅಂದರೆ ‘ನೀನು ಹೇಳಿದ್ದು… ಅಂತಾನಾ?’ ಆಗ ಅವರು ಆ ಒಂದು ತುಂಡನ್ನು ಮಾತ್ರ ತಿದ್ದುತ್ತಾರೆ. ನಿಮ್ಮ ಕಿವಿಗೂ ಪಾಠ, ರೋಗಿಗೂ ಕ್ಷೇಮ. ಸಹೋದ್ಯೋಗಿಗಳು ಇಂಗ್ಲಿಷಿಗೆ ಹಾರಿದರೆ ‘ಕನ್ ವೀ ತಾ ದೆ ಪೋ ಸ್ವೆನ್ಸ್ಕ?’ ಅನ್ನಿ. ಸ್ವೀಡಿಷಿನಲ್ಲೇ ಮಾತಾಡೋಣವಾ ಅಂತ. ಯಾರೂ ತಪ್ಪು ತಿಳಿಯಲ್ಲ.

ಡಾಕ್ಟರಿಗೆ ಫೋನ್ ಮಾಡುವುದು ಎಲ್ಲರಿಗೂ ಹೆದರಿಕೆಯ ಕೆಲಸ. ಮುಖ ಕಾಣಲ್ಲ, ಕೈ ತೋರಿಸಲು ಆಗಲ್ಲ. ಅದಕ್ಕೆ ಇಲ್ಲಿ ಎಸ್‌ಬಿಎಆರ್ ಎಂಬ ಅಚ್ಚು ಇದೆ, ನೀವೂ ಕೇಳಿರಬಹುದು. ಈಗಿನ ಪರಿಸ್ಥಿತಿ, ಹಿನ್ನೆಲೆ, ನೀವು ಕಂಡದ್ದು, ನಿಮಗೆ ಏನು ಬೇಕು, ಈ ಕ್ರಮದಲ್ಲಿ ಹೇಳುವುದು. ಪ್ರತಿ ಭಾಗಕ್ಕೂ ಒಂದು ಆರಂಭದ ವಾಕ್ಯ ಬಾಯಿಪಾಠ ಮಾಡಿಕೊಂಡರೆ ಉಳಿದದ್ದು ತಾನಾಗಿ ಬರುತ್ತದೆ. ಫೋನಿನ ಅಳುಕು ಹೋಗಲು ಆಸ್ಪತ್ರೆಗೆ ಸೇರುವವರೆಗೆ ಕಾಯಬೇಡಿ. ಮಗುವಿನ ಶಾಲೆಗೆ, ಲೈಬ್ರರಿಗೆ, ನಿಮ್ಮ ‘ವೋಡ್‌ಸೆಂತ್ರಾಲ್’ಗೆ, ಅಂದರೆ ಬಡಾವಣೆಯ ಆರೋಗ್ಯ ಕೇಂದ್ರಕ್ಕೆ, ಯಜಮಾನರ ಕೈಲಿ ಫೋನ್ ಮಾಡಿಸದೆ ನೀವೇ ಮಾಡಿ.

ಮನೆಯಲ್ಲಿ ಮಾಡುವ ಅಭ್ಯಾಸಕ್ಕೆ ಹೆಚ್ಚೇನೂ ಬೇಡ. ಸ್ವೀಡನ್ ರೇಡಿಯೋದವರು ಸರಳ ಸ್ವೀಡಿಷಿನಲ್ಲಿ ನಿಧಾನವಾಗಿ ಸುದ್ದಿ ಓದುತ್ತಾರೆ, ಅಡುಗೆ ಮಾಡುವಾಗ ಹಾಕಿಕೊಳ್ಳಿ. ‘ಒತ್ತ ಸೀದೊರ್’ ಎಂಬ ಸರಳ ಭಾಷೆಯ ಪತ್ರಿಕೆ ಇದೆ. ನನ್ನ ಮೆಚ್ಚಿನದು ಮಾತ್ರ 1177. ಅದು ಇಡೀ ದೇಶದ ಆರೋಗ್ಯ ಸಲಹೆಯ ನಂಬರು, ಅದೇ ಹೆಸರಿನ ವೆಬ್‌ಸೈಟೂ ಇದೆ. ಪ್ರತಿ ಕಾಯಿಲೆಯ ಬಗ್ಗೆ ಜನಸಾಮಾನ್ಯರಿಗೆ ಅರ್ಥವಾಗುವ ಮಾತಿನಲ್ಲಿ ಬರೆದಿದ್ದಾರೆ. ನಿಮಗೆ ಬೇಕಾದ ಮನೆಮಾತೆಲ್ಲ ಅಲ್ಲಿದೆ, ಪುಕ್ಕಟೆ. ದಿನಕ್ಕೆ ಒಂದು ಪುಟವನ್ನು ಗಟ್ಟಿಯಾಗಿ ಓದಿ. ಆಮೇಲೆ ಮುಚ್ಚಿಟ್ಟು, ಎದುರಿಗೆ ಒಬ್ಬ ಅಜ್ಜಿ ಕೂತಿದ್ದಾರೆ ಅಂದುಕೊಂಡು ಅದನ್ನೇ ನಿಮ್ಮ ಮಾತಿನಲ್ಲಿ ಹೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಕೇಳಿ. ಲೈಬ್ರರಿಗಳಲ್ಲಿ, ರೆಡ್ ಕ್ರಾಸ್‌ನಲ್ಲಿ ಮಾತಾಡುವ ಅಭ್ಯಾಸಕ್ಕೆಂದೇ ಕಾಫಿ ಕೂಟ ನಡೆಸುತ್ತಾರೆ. ಅಲ್ಲಿಗೆ ಬರುವ ಸ್ವಯಂಸೇವಕರು ಬಹುಪಾಲು ನಿವೃತ್ತರು. ನಿಮ್ಮ ಮುಂದಿನ ರೋಗಿಗಳ ವಯಸ್ಸು, ಅವರದೇ ಮಾತು.

ಕೆಲಸಕ್ಕೆ ಸೇರಿದ ಮೇಲೆ ಒಂದು ನಿಯಮ. ರೋಗಿಯ ಹೆಸರು, ಕೇಸ್ ಶೀಟಿನ ಸಾಲು ಯಾವುದನ್ನೂ ಅನುವಾದದ ಆ್ಯಪ್‌ಗೆ ಹಾಕಬೇಡಿ. ಇಲ್ಲಿ ಗೋಪ್ಯತೆಯ ಕಾನೂನು ಬಿಗಿ. ಒಂದು ಪದ ತಿಳಿಯದಿದ್ದರೆ ಆ ಪದ ಮಾತ್ರ ಬರೆದುಕೊಂಡು ಮನೆಗೆ ಬನ್ನಿ.

ಕೊನೆಗೆ ನಿಮ್ಮ ಮನಸ್ಸಿನ ಬೇಜಾರಿನ ಪ್ರಶ್ನೆ. ಲೈಸೆನ್ಸ್ ಇಲ್ಲದೆ ನೀವು ಸೇರಬಹುದಾದ ಕೆಲಸಕ್ಕೆ ‘ವೋಡ್‌ಬಿತ್ರೇದೆ’ ಅನ್ನುತ್ತಾರೆ, ಆರೈಕೆಯ ಸಹಾಯಕಿ. ಅದಕ್ಕಿಂತ ಮೇಲಿನ ‘ಉಂದೆಷ್‌ಷೋತೆಷ್ಕ’ ಅನ್ನುವ ಹೆಸರು 2023ರ ಜುಲೈ 1ರಿಂದ ಕಾನೂನಿನ ರಕ್ಷಣೆಯಲ್ಲಿದೆ, ಪ್ರಮಾಣಪತ್ರ ಇಲ್ಲದ ಹೊಸಬರು ಬಳಸುವ ಹಾಗಿಲ್ಲ. ಮೈ ಒರೆಸುವುದು, ಊಟ ಮಾಡಿಸುವುದು, ಬಟ್ಟೆ ಹಾಕುವುದು ಸಹಾಯಕಿಯ ಕೆಲಸ. ಬಿ.ಎಸ್ಸಿ. ಮಾಡಿ ಇದಾ ಅಂತ ಊರಿನಲ್ಲಿ ಅತ್ತೆ ಮನೆಯವರು ಅನ್ನಬಹುದು. ಆದರೆ ಒಬ್ಬ ವಿದೇಶಿ ನರ್ಸ್‌ಗೆ ಒಬ್ಬರೇ ಹಿರಿಯರ ಜೊತೆ ಕೂತು, ಅವಸರ ಇಲ್ಲದೆ, ಅದೇ ಮಾತನ್ನು ದಿನಾ ಕೇಳುವ, ಆಡುವ ಅವಕಾಶ ಬೇರೆ ಯಾವ ತರಗತಿಯಲ್ಲೂ ಸಿಗಲ್ಲ. ಸ್ನಾನ ಮಾಡಿಸುವಾಗ ದೇಹದ ಪ್ರತಿ ಭಾಗದ ಹೆಸರು, ಬಟ್ಟೆ ಹಾಕುವಾಗ ಪ್ರತಿ ಬಟ್ಟೆಯ ಹೆಸರು, ಕಾಫಿ ಹೊತ್ತಿನಲ್ಲಿ ಅವರ ಇಡೀ ಜೀವನದ ಕತೆ. ಇಲ್ಲಿನ ಸ್ವೀಡಿಷ್ ನರ್ಸ್‌ಗಳಲ್ಲೂ ಎಷ್ಟೋ ಜನ ಓದುವಾಗ ಇದೇ ಕೆಲಸ ಮಾಡಿದವರು. ಇದನ್ನು ಕೀಳಾಗಿ ನೋಡುವವರನ್ನು ನಾನು ಇಲ್ಲಿ ಕಂಡಿಲ್ಲ. ಗಂಟೆ ಲೆಕ್ಕದ ಬದಲಿ ಕೆಲಸಕ್ಕೆ, ವಿಶೇಷವಾಗಿ ಬೇಸಿಗೆ ರಜೆಯಲ್ಲಿ, ಜನ ಬೇಕಿರುತ್ತಾರೆ. ಎಸ್‌ಎಫ್‌ಐ ಬಿಡಬೇಕಾಗಿಲ್ಲ, ವಾರಾಂತ್ಯದ ಪಾಳಿ ಕೇಳಿ.

ಇಂಟರ್‌ವ್ಯೂನಲ್ಲಿ ಒಂದು ಪ್ರಶ್ನೆಯನ್ನು ನೀವೇ ಕೇಳಿ. ನಿಮ್ಮಲ್ಲಿ ‘ಸ್ಪ್ರೋಕ್‌ಒಂಬೂದ್’ ಇದ್ದಾರಾ ಅಂತ. ಹೊಸಬರಿಗೆ ಕೆಲಸದ ಜಾಗದಲ್ಲೇ ಭಾಷೆಗೆ ನೆರವಾಗಲು ತರಬೇತಿ ಪಡೆದ ಸಹೋದ್ಯೋಗಿ ಅವರು. ನೀವು ಬರೆದ ರಿಪೋರ್ಟ್ ನೋಡಿ ತಿದ್ದುತ್ತಾರೆ, ಕೇಳಲು ಹಿಂಜರಿಯುವ ಪದವನ್ನು ಹೇಳಿಕೊಡುತ್ತಾರೆ. ಇದ್ದಾರೆ ಅಂದರೆ ಆ ಜಾಗವನ್ನೇ ಆರಿಸಿಕೊಳ್ಳಿ, ಮನೆಯಿಂದ ಟ್ರಾಮ್‌ನಲ್ಲಿ ಅರ್ಧ ಗಂಟೆ ಜಾಸ್ತಿ ಆದರೂ ಸರಿ.